ಗರುಡನ ಗೆರೆ, ಜೀಪಿನ ದಾರಿ

ಕಡಬದಿಂದ ಒಳಗೆ, ಡಾಮರು ಮುಗಿದು ಜೀಪು ಮಾತ್ರ ಹತ್ತುವ ಕಡೆ ಒಂದು ಮನೆ. ಜಗಲಿಯಲ್ಲಿ ರಬ್ಬರ್ ಶೀಟು ತೂಗುವ ತಕ್ಕಡಿಯ ಕೊಕ್ಕೆಗೆ ಸೂಟ್‌ಕೇಸು ನೇತಾಡುತ್ತಿದೆ. ಮುಳ್ಳು ಹದಿನೈದು ಕಿಲೋ ದಾಟಿ ಹದಿನಾರೂವರೆಯ ಹತ್ತಿರ ತೂಗಾಡಿ ನಿಂತಿತು. ಹಲಸಿನ ಹಪ್ಪಳದ ಒಂದು ಕಟ್ಟು ಹೊರಗೆ ಬಂತು, ಮಿಡಿ ಉಪ್ಪಿನಕಾಯಿ ಒಳಗೇ ಉಳಿಯಿತು. ಬೆಂಗಳೂರಿಗೆ ಹೊರಟ ಮೊಮ್ಮಗನಿಗೆ ಅಜ್ಜಿ ಕೇಳಿದರು, “ಎಷ್ಟು ಹೊತ್ತಿಗೆ ಮುಟ್ಟುತ್ತಿ?” “ಒಂದೇ ಗಂಟೆ ಅಜ್ಜಿ, ಫ್ಲೈಟಲ್ವಾ?” ಆಗ ಬೆಳಗಿನ ಜಾವ ನಾಲ್ಕೂವರೆ. ಜಯನಗರದ ಕೋಣೆಯ ಬೀಗ ತೆಗೆಯುವಾಗ ಅವನ ಫೋನಿನಲ್ಲಿ ಹನ್ನೆರಡೂವರೆ.

ಅಜ್ಜಿಗೆ ಹೇಳಿದ ಒಂದು ಗಂಟೆ ಆ ಎಂಟು ಗಂಟೆಯೊಳಗೆ ಎಲ್ಲಿ ಅಡಗಿದೆ? ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಪಡುವಣಕ್ಕೆ ಮಂಗಳೂರಿನದು, ತೆಂಕಣಕ್ಕೆ ಕಣ್ಣೂರಿನದು, ಘಟ್ಟದ ಆಚೆ ಮೈಸೂರಿನದು. ದೊಡ್ಡ ನಗರಗಳ ನಿಲ್ದಾಣಗಳ ಎದುರು ಮೂರೂ ಸಣ್ಣವು, ಮೂರೂ ಹೆಸರಿಟ್ಟ ಊರಿನಿಂದ ಹೊರಗೆ ಕುಳಿತವು. ಮೂರರ ನಡುವೆ ಸಿಕ್ಕ ನಮಗೆ ದೂರದ ಬಗ್ಗೆ ಊಹೆಗಳು ಹೆಚ್ಚು, ಅಳತೆ ಕಡಿಮೆ.

“ಮೈಸೂರು ವಿಮಾನ ಸುಳ್ಯದ ನೆತ್ತಿಯ ಮೇಲೇ ಹೋಗಬೇಕಲ್ಲ?”

2020ರ ಡಿಸೆಂಬರಿನಲ್ಲಿ ಅಲಯನ್ಸ್ ಏರ್ ಮೈಸೂರು–ಮಂಗಳೂರು ನಡುವೆ ಎಟಿಆರ್ ಎಂಬ ಪಂಖದ ವಿಮಾನ ಹಾರಿಸಿತು. ಆ ಸೇವೆ ಹೆಚ್ಚು ಕಾಲ ಬಾಳಲಿಲ್ಲ. ಅದು ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಬಸ್ಸಿನ ದಾರಿಯನ್ನೇ ಹೇಳುತ್ತಾರೆ: ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಮೈಸೂರು ಅಂದರೆ ರಾಷ್ಟ್ರೀಯ ಹೆದ್ದಾರಿ 275 ಎಂಬುದು ನಮ್ಮ ಕಾಲಿಗೇ ಗೊತ್ತಿರುವ ಸಂಗತಿ.

ಮಕ್ಕಳ ಅಟ್ಲಾಸು ಬಿಡಿಸಿ ಸ್ಕೇಲು ಇಟ್ಟು ನೋಡಿದೆ. ಒಂದು ತುದಿ ಬಜಪೆಯ ಪಕ್ಕದ ಕೆಂಜಾರಿನಲ್ಲಿ, ಇನ್ನೊಂದು ಮೈಸೂರಿನ ತೆಂಕಣದ ಮಂಡಕಳ್ಳಿಯಲ್ಲಿ. ಪೆನ್ಸಿಲ್ ಗೆರೆ ಪುತ್ತೂರಿನಿಂದ ಏಳೆಂಟು ಕಿ.ಮೀ. ಬಡಗಣಕ್ಕೆ ಹಾಯಿತು, ಸುಳ್ಯದಿಂದ ಸುಮಾರು ಇಪ್ಪತ್ತು ಕಿ.ಮೀ. ದೂರ ಉಳಿಯಿತು. ಕಡಬದ ಪೇಟೆಯನ್ನು ಮಾತ್ರ ಹೆಚ್ಚುಕಡಿಮೆ ಮುಟ್ಟಿಕೊಂಡೇ ಹೋಯಿತು. ಅಲ್ಲಿಂದ ಮುಂದೆ ಕುಕ್ಕೆ ಸುಬ್ರಹ್ಮಣ್ಯ, ಆಮೇಲೆ 1,712 ಮೀಟರ್ ಎತ್ತರದ ಪುಷ್ಪಗಿರಿಯ ಹೆಗಲು, ಕೊಡಗಿನ ಬಡಗಣ ಅಂಚು, ಕೊನೆಗೆ ಮೈಸೂರಿನ ಬಯಲು. ಗರುಡನಿಗೆ ಹೆದರಿ ವಾಸುಕಿ ಆಶ್ರಯ ಪಡೆದ ಸ್ಥಳ ಕುಕ್ಕೆ ಎಂಬುದು ಐತಿಹ್ಯ. ದೇವಸ್ಥಾನದೊಳಗೆ ಬೆಳ್ಳಿ ಹೊದೆಸಿದ ಗರುಡಗಂಬವೂ ಇದೆ. ಎರಡು ನಿಲ್ದಾಣಗಳ ನಡುವಿನ ಗರುಡನ ಗೆರೆ ಹೋಗಿ ಹೋಗಿ ಅದೇ ನೆತ್ತಿಯ ಮೇಲೆ ಹಾಯಬೇಕೆ ಎಂದು ನಗು ಬಂತು.

ಆ ಗೆರೆಯ ಉದ್ದ ಸುಮಾರು 208 ಕಿ.ಮೀ. ರಸ್ತೆಯಲ್ಲಾದರೆ 260 ದಾಟುತ್ತದೆ. ಹಾಗೆಂದು ವಿಮಾನ ಸ್ಕೇಲಿನ ಅಂಚು ಹಿಡಿದು ಹಾರುವುದಿಲ್ಲ. ರನ್‌ವೇ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ಕಡೆಗೇ ಏಳಬೇಕು, ಆಮೇಲೆ ತಿರುಗಬೇಕು, ನಿಯಂತ್ರಣ ಕೊಠಡಿ ಹೇಳಿದ ಬಿಂದುಗಳ ಮೇಲೆ ಹೋಗಬೇಕು, ಇಳಿಯುವ ಮೊದಲು ಮತ್ತೆ ರನ್‌ವೇಯ ನೇರಕ್ಕೆ ಬರಬೇಕು. ಗರುಡನ ಗೆರೆ ಗರುಡನಿಗೆ ಮಾತ್ರ.

“ಇನ್ನೂರು ಕಿ.ಮೀ. ಅಂದರೆ ವಿಮಾನಕ್ಕೆ ಇಪ್ಪತ್ತೈದು ನಿಮಿಷ”

ಭಾಗಾಕಾರ ಸರಿಯಾಗಿದೆ. ಎಟಿಆರ್ ಗಂಟೆಗೆ 500 ಕಿ.ಮೀ. ಹತ್ತಿರ ಹೋಗಬಲ್ಲದು. ಆದರೂ ಮೈಸೂರು–ಮಂಗಳೂರು ವೇಳಾಪಟ್ಟಿಯಲ್ಲಿ ಒಂದು ಗಂಟೆ ಎಂದೇ ಬರೆದಿತ್ತು. ಬೆಂಗಳೂರು–ಮಂಗಳೂರು ನೇರ ದೂರ ಸುಮಾರು 307 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಓಡುತ್ತದೆ, ಆದರೂ ಅದಕ್ಕೂ ಟಿಕೆಟ್ಟಿನಲ್ಲಿ ಒಂದು ಗಂಟೆಯ ಮೇಲೆ ನಾಲ್ಕಾರು ನಿಮಿಷ. ಅದು ಎಟಿಆರ್, ಇದು ಜೆಟ್, ಹೊತ್ತು ಮಾತ್ರ ಹೆಚ್ಚುಕಡಿಮೆ ಒಂದೇ. ಹೇಗೆ?

ಟಿಕೆಟ್ಟಿನಲ್ಲಿ ಅಚ್ಚಾಗುವುದು ಹಾರಿದ ಹೊತ್ತಲ್ಲ. ನಿಂತ ಜಾಗದಿಂದ ಚಕ್ರ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡುವ ಕ್ಷಣದವರೆಗಿನ ಲೆಕ್ಕ ಅದು. ಬೆಂಗಳೂರಿನ ದೇವನಹಳ್ಳಿಯಲ್ಲಿ ರನ್‌ವೇ ತಲುಪುವವರೆಗೆ ವಿಮಾನ ನೆಲದ ಮೇಲೆ ಉರುಳುವ ದೂರವೇ ಕಡಿಮೆಯಲ್ಲ, ಮುಂದೆ ನಾಲ್ಕೈದು ವಿಮಾನ ಸಾಲುಗಟ್ಟಿದ್ದರೆ ಕಾಯಬೇಕು.

ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ, ಏಕೆಂದರೆ ಘಟ್ಟದವರಿಗೆ ಅದು ಬೇಗ ಅರ್ಥವಾಗುತ್ತದೆ. ವಿಮಾನಕ್ಕೂ ಹತ್ತುವ ಘಾಟಿ, ಇಳಿಯುವ ಘಾಟಿ ಇದೆ. ಪೈಲಟ್‌ಗಳ ಒಂದು ಬಾಯಿಲೆಕ್ಕದ ಪ್ರಕಾರ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲು, ಅಂದರೆ ಐದೂವರೆ ಕಿ.ಮೀ. ಬೇಕು. ಮೂವತ್ತು ಸಾವಿರ ಅಡಿಗೆ ಏರಿದ ವಿಮಾನ ಇಳಿಯತೊಡಗಬೇಕಾದ್ದು ನಿಲ್ದಾಣ ಇನ್ನೂ 165 ಕಿ.ಮೀ. ದೂರ ಇರುವಾಗ. ಮುನ್ನೂರು ಕಿ.ಮೀ. ಪ್ರಯಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಜಾರೇ ಆಯಿತು, ಉಳಿದದ್ದರಲ್ಲಿ ಬಹುಪಾಲು ಏರು. ಸಮತಟ್ಟಾಗಿ ಪೂರ್ತಿ ವೇಗದಲ್ಲಿ ಓಡಲು ಜಾಗವೆಲ್ಲಿ? ಅದಕ್ಕೇ ಗಗನಸಖಿ ನೀರಿನ ಲೋಟ ಕೊಟ್ಟು ಮುಗಿಸುವಷ್ಟರಲ್ಲಿ ಸೀಟು ನೇರ ಮಾಡಿ ಅನ್ನುತ್ತಾರೆ. ದೂರ ನೂರು ಕಿ.ಮೀ. ಕಡಿಮೆಯಾದರೆ ಹೊತ್ತೂ ಆ ಪ್ರಮಾಣಕ್ಕೆ ಇಳಿಯುತ್ತದೆ ಎಂಬ ನಂಬಿಕೆ ಬಸ್ಸಿನ ಮಟ್ಟಿಗೆ ಸರಿ. ಸಣ್ಣ ದೂರದ ವಿಮಾನಕ್ಕೆ ಅದು ಹೊಂದುವುದಿಲ್ಲ.

“ಕಣ್ಣೂರು ನಿಲ್ದಾಣ ಬಂದ ಮೇಲೆ ಸುಳ್ಯಕ್ಕೆ ಅದೇ ಹತ್ತಿರ”

ಮಟ್ಟನ್ನೂರಿನ ಗುಡ್ಡೆಯ ಮೇಲೆ ಕಣ್ಣೂರು ವಿಮಾನ ನಿಲ್ದಾಣ ತೆರೆದದ್ದು 2018ರ ಡಿಸೆಂಬರ್ 9ರಂದು. ಗಲ್ಫಿನಲ್ಲಿ ಮಕ್ಕಳಿರುವ ಸುಳ್ಯದ ಮನೆಗಳಲ್ಲಿ ಆಗ ಶುರುವಾದ ಮಾತು ಇನ್ನೂ ನಿಂತಿಲ್ಲ. ಅದರಲ್ಲಿ ಅರ್ಧ ನಿಜವಿದೆ ಎಂಬುದೇ ತೊಂದರೆ.

ಸುಳ್ಯದಿಂದ ಮಂಗಳೂರು ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 70 ಕಿ.ಮೀ. ಕಣ್ಣೂರು ನಿಲ್ದಾಣಕ್ಕೆ 73. ಹಕ್ಕಿಗೆ ಎರಡೂ ಒಂದೇ. ಈಗ ಕಾರಿನ ಕೀಲಿ ಕೈಗೆತ್ತಿಕೊಳ್ಳಿ. ಮಂಗಳೂರಿನ ಕಡೆಗೆ ಪುತ್ತೂರು, ಮಾಣಿ, ಬಿ.ಸಿ. ರೋಡ್ ಎಂದು ಹೆದ್ದಾರಿ ಸಿಗುತ್ತದೆ, ಒಟ್ಟು 90 ಕಿ.ಮೀ. ಆಸುಪಾಸು. ಕಣ್ಣೂರಿನ ಕಡೆಗೆ ಆಲೆಟ್ಟಿ ದಾಟಿ, ಕಲ್ಲಪಳ್ಳಿಯ ಕಾಡು ಹೊಕ್ಕು, ಪಾಣತ್ತೂರಿಗೆ ಇಳಿದು, ಕೇರಳದ ಮಲೆನಾಡ ಹೆದ್ದಾರಿ ಹಿಡಿದು ಚೆರುಪುಳ, ಆಲಕ್ಕೋಡ್ ಎಂದು ಗುಡ್ಡೆಯಿಂದ ಗುಡ್ಡೆಗೆ ಸುತ್ತಬೇಕು. ಬೇಡವೆಂದರೆ ಜಾಲ್ಸೂರಿನಿಂದ ಕಾಸರಗೋಡಿಗೆ ಇಳಿದು ಸಮುದ್ರದ ದಾರಿ. ಹೇಗೆ ಹೋದರೂ ನೂರು ದಾಟಿಯೇ ಸಿದ್ಧ, ಕರಾವಳಿಯ ದಾರಿಯಲ್ಲಂತೂ ಇನ್ನೂ ಹೆಚ್ಚು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಹೊಳೆಗಳನ್ನು ನೋಡಿದರೆ ಸಾಕು. ಘಟ್ಟದಲ್ಲಿ ಹುಟ್ಟಿದ ನಮ್ಮ ಹೊಳೆಗಳೆಲ್ಲ ಪಡುವಣ ಸಮುದ್ರಕ್ಕೆ ಹರಿಯುತ್ತವೆ. ಅವುಗಳ ಜತೆಗೆ ಕಣಿವೆಯಲ್ಲಿ ಇಳಿಯುವ ರಸ್ತೆ ಸಲೀಸು. ತೆಂಕಣಕ್ಕೆ ಹೋಗುವವನು ಪಯಸ್ವಿನಿಯಿಂದ ಶುರುಮಾಡಿ ಒಂದೊಂದು ಹೊಳೆಯನ್ನೂ ಅದರ ಆಚೆಗಿನ ದಿಣ್ಣೆಯನ್ನೂ ಅಡ್ಡವಾಗಿ ದಾಟಬೇಕು. ಬಾಚಣಿಗೆಯ ಹಲ್ಲುಗಳಿಗೆ ಅಡ್ಡಲಾಗಿ ಬೆರಳೆಳೆದ ಹಾಗೆ. ಹಾಗಿದ್ದೂ ಗಲ್ಫಿನ ಟಿಕೆಟ್ಟು ಕಣ್ಣೂರಿನಿಂದ ಸಾಕಷ್ಟು ಅಗ್ಗವಾಗಿ ಸಿಕ್ಕಿದ ದಿನ ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಹತ್ತಿರ ಎಂದು ಹೋಗಬೇಡಿ, ಅಷ್ಟೆ.

“ಮಂಗಳೂರು–ಕಣ್ಣೂರು ಇಷ್ಟು ಹತ್ತಿರ, ನೇರ ವಿಮಾನ ಏಕಿಲ್ಲ?”

ಎರಡೂ ನಿಲ್ದಾಣಗಳ ನಡುವೆ ಗೆರೆಯ ದೂರ 136 ಕಿ.ಮೀ. ಮೊಬೈಲ್ ಆ್ಯಪ್‌ನಲ್ಲಿ ಈ ಎರಡು ಹೆಸರು ಹಾಕಿದರೆ ಅದು ನಿಮ್ಮನ್ನು ಮೊದಲು ಘಟ್ಟ ಹತ್ತಿಸಿ ಬೆಂಗಳೂರಿಗೆ ಕಳಿಸುತ್ತದೆ, ಅಲ್ಲಿ ಕೂರಿಸುತ್ತದೆ, ಮತ್ತೆ ಘಟ್ಟ ಇಳಿಸುತ್ತದೆ. ಮಂಗಳೂರು ಸೆಂಟ್ರಲ್‌ನಿಂದ ಕಣ್ಣೂರಿಗೆ ರೈಲು ದಾರಿ ಸುಮಾರು 130 ಕಿ.ಮೀ., ಎರಡು ಎರಡೂವರೆ ಗಂಟೆಯ ಮಾತು, ಕಿಟಕಿಯಲ್ಲಿ ಹಿನ್ನೀರು, ತೆಂಗು. ಇಂಥ ರೈಲಿನ ಎದುರು ಸಣ್ಣ ವಿಮಾನ ಯಾರನ್ನು ಹತ್ತಿಸಿಕೊಳ್ಳಬೇಕು?

ಸಣ್ಣ ದೂರಕ್ಕೆ ವಿಮಾನ ಎಲ್ಲೂ ಓಡುವುದೇ ಇಲ್ಲ ಎಂದಲ್ಲ. ಸ್ಕಾಟ್ಲೆಂಡಿನ ಬಡಗಣ ಸಮುದ್ರದ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ನಿಲ್ದಾಣಗಳಿವೆ. ನಡುವೆ ಕೇವಲ 2.7 ಕಿ.ಮೀ. ವೇಳಾಪಟ್ಟಿ ಇಟ್ಟುಕೊಂಡು ಓಡುವ ಜಗತ್ತಿನ ಅತಿ ಗಿಡ್ಡ ವಿಮಾನಯಾನ ಅದು. ಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಕೂಡಿಬಂದ ಒಂದು ದಿನ 53 ಸೆಕೆಂಡಿನಲ್ಲಿ ಮುಗಿದದ್ದೂ ಉಂಟು. ನಮ್ಮ ಹಿರಿಯರು ಕೂಗಳತೆ ಎನ್ನುತ್ತಿದ್ದ ದೂರಕ್ಕಿಂತ ಸ್ವಲ್ಪ ಜಾಸ್ತಿ, ಹರದಾರಿಗಿಂತ ಕಡಿಮೆ. ಅಲ್ಲಿ ನಡುವೆ ಇರುವುದು ಕೆರಳುವ ಸಮುದ್ರ, ವಿಮಾನ ಎಂಟು ಹತ್ತು ಜನ ಕೂರುವ ಜೀಪಿನಂಥದ್ದು, ಗಾಳಿಯಲ್ಲಿ ಏರಿ ಇಳಿಯುವ ಘಾಟಿಯೇ ಇಲ್ಲ, ತಲೆಯ ಮೇಲೆ ಹಾರಿ ಇಳಿದುಬಿಡುತ್ತದೆ.

“ವಿಮಾನ ಹತ್ತಲು ಮಂಗಳೂರಿಗೆ ಹೋಗಬೇಕು”

ಹೋಗಬೇಕಿಲ್ಲ. ನಿಲ್ದಾಣಕ್ಕೆ ಮಂಗಳೂರಿನ ಹೆಸರಿದ್ದರೂ ಅದು ಪೇಟೆಯಿಂದ ಹದಿಮೂರು ಕಿ.ಮೀ. ಆಚೆ, ಬಜಪೆಯ ಪಕ್ಕದ ಗುಡ್ಡೆಯ ಮೇಲಿದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದೂ ಅದೇ ಗುಡ್ಡೆಗೆ. ಪುತ್ತೂರಿನಿಂದ ಹೊರಟವರು ಪಡೀಲು, ನಂತೂರು ಎಂದು ಪೇಟೆಯ ಗದ್ದಲಕ್ಕೆ ಬಿದ್ದು, ಕಾವೂರು ಹತ್ತಿ ಮತ್ತೆ ಹೊರಗೆ ಹೋಗುವುದನ್ನು ಈಗಲೂ ಕಾಣುತ್ತೇನೆ. ಬಿ.ಸಿ. ರೋಡಿನಲ್ಲಿ ಬಲಕ್ಕೆ ತಿರುಗಿ ಪೊಳಲಿ, ಗುರುಪುರ ಕೈಕಂಬ, ಬಜಪೆ ಎಂದು ಹೋದರೆ ಮಂಗಳೂರಿನ ಮುಖವನ್ನೇ ನೋಡಬೇಕಿಲ್ಲ. ಕಿಲೋಮೀಟರಿನಲ್ಲಿ ದೊಡ್ಡ ಉಳಿತಾಯವಿಲ್ಲ, ನಂತೂರಿನ ಸಿಗ್ನಲ್ಲಿನಲ್ಲಿ ಗಡಿಯಾರ ನೋಡುತ್ತಾ ಬೆವರುವುದು ತಪ್ಪುತ್ತದೆ.

“ಗೂಗಲ್ ಎರಡು ಗಂಟೆ ತೋರಿಸಿದೆ, ಸಾಕು”

ಇದೇ ನನಗೆ ಹೆಚ್ಚು ಅಪಾಯದ್ದಾಗಿ ಕಾಣುವ ನಂಬಿಕೆ. ಕಡಬದಿಂದ ಬಜಪೆಗೆ ಆಲಂಕಾರು, ಉಪ್ಪಿನಂಗಡಿ, ಮಾಣಿ, ಬಿ.ಸಿ. ರೋಡ್ ದಾರಿಯಾಗಿ ಎಂಬತ್ತು ಕಿ.ಮೀ. ಹತ್ತಿರ. ಫೆಬ್ರವರಿಯ ಬೆಳಗಿನ ಜಾವ ಎರಡು ಗಂಟೆಯಲ್ಲಿ ಮುಟ್ಟಬಹುದು. ಅದೇ ದಾರಿ ಆಟಿ ತಿಂಗಳ ಮಳೆಯಲ್ಲಿ ಬೇರೆಯೇ ದಾರಿ.

ಹೊಸ್ಮಠದ ಹಳೆಯ ಸೇತುವೆಯ ಕಾಲ ನೆನಪಿರುವವರಿಗೆ ವಿವರಿಸಬೇಕಿಲ್ಲ. ಮುಳುಗು ಸೇತುವೆ ಎಂದೇ ಅದರ ಹೆಸರು. ಘಟ್ಟದ ಮೇಲೆ ಜಡಿಮಳೆ ಸುರಿದರೆ ಇಲ್ಲಿ ಬಿಸಿಲಿದ್ದಾಗಲೂ ಗುಂಡ್ಯ ಹೊಳೆ ಕೆಂಪಾಗಿ ಏರಿ ಸೇತುವೆಯ ಮೇಲೆ ಹಾಯುತ್ತಿತ್ತು. ಎರಡೂ ದಡದಲ್ಲಿ ಬಸ್ಸು, ಜೀಪು ಸಾಲು. ಒಂದು ವರ್ಷ ನಮ್ಮ ಜೀಪೂ ಆ ಸಾಲಿನಲ್ಲಿತ್ತು. ಪಾಸ್‌ಪೋರ್ಟು ಅಂಗಿಯ ಕಿಸೆಯಲ್ಲಿ, ನೀರು ಇಳಿಯುತ್ತದೋ ಎಂದು ಕೈಪಿಡಿಯ ಕಲ್ಲುಗಳನ್ನು ಎಣಿಸುತ್ತಾ ನಿಂತೆವು. ಎರಡು ಕಲ್ಲು ಕಾಣಿಸಿತು, ಮೂರನೆಯದು ಕಾಣಿಸುವಾಗ ವಿಮಾನ ಹೋಗಿಯಾಗಿತ್ತು. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ. ಆ ಒಂದು ಕಂಟಕ ಕಳೆಯಿತು.

ಉಳಿದವು ಹಾಗೇ ಇವೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡೆ ಜಾರಿ ಸಂಪಾಜೆ–ಮಡಿಕೇರಿ ರಸ್ತೆಯೇ ಕಿತ್ತುಹೋಯಿತು. ಸುಳ್ಯದಿಂದ ಮಡಿಕೇರಿ ಬರೀ ಐವತ್ತು ಚಿಲ್ಲರೆ ಕಿ.ಮೀ. ಆ ಆಗಸ್ಟಿನಲ್ಲಿ ಅದು ಇನ್ನೊಂದು ರಾಜ್ಯದಷ್ಟು ದೂರ ಸರಿಯಿತು. ಅದೇ ವರ್ಷ ಶಿರಾಡಿ ಘಾಟಿ ಕಾಂಕ್ರೀಟು ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿತ್ತು, ತೆರೆದ ಬೆನ್ನಿಗೇ ಮಳೆಗೆ ಕುಸಿಯಿತು. ಇವೆರಡೂ ಮುಚ್ಚಿದ ದಿನಗಳಲ್ಲಿ ಬೆಂಗಳೂರಿಗೆ ಹೋಗಬೇಕಾದವರು ನಿಜಕ್ಕೂ ವಿಮಾನದ ಕಡೆ ಓಡಿದರು. ಆದರೆ ಗುಡ್ಡೆಯ ಮೇಲಿನ ಬಜಪೆಗೂ ಅದೇ ಮಳೆ, ಅದೇ ಮೋಡ. ರನ್‌ವೇ ಕಾಣದಿದ್ದರೆ ಬಂದ ವಿಮಾನ ಸುತ್ತು ಹಾಕಿ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗಿ ಇಳಿಯುತ್ತದೆ.

ಫೋನು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೂ ಕೆಲವಿವೆ. ಕಲ್ಲಡ್ಕದಲ್ಲಿ ಮೇಲ್ಸೇತುವೆಯ ಕೆಲಸ ನಡೆದ ವರ್ಷಗಳಲ್ಲಿ ಅಲ್ಲಿನ ಕೆಸರು ತಿಂದ ಹೊತ್ತು. ಅದೇ ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗಲೊಲ್ಲದ ಡ್ರೈವರ್. ಹಾಲಿನ ಮೇಲೆ ಡಿಕಾಕ್ಷನ್ ಪದರವಾಗಿ ನಿಲ್ಲುವ ಆ ಗಾಜಿನ ಲೋಟಕ್ಕೆ ಹದಿನೈದು ನಿಮಿಷ ಕೊಡಲು ನನಗೇನೂ ಅಭ್ಯಂತರವಿಲ್ಲ. ಮೊದಲೇ ಲೆಕ್ಕದಲ್ಲಿ ಸೇರಿಸಿದ್ದರಾಯಿತು.

“ವಿಮಾನದಲ್ಲಿ ಹೋದರೆ ಹೊತ್ತು ಉಳಿಯುತ್ತದೆ”

ಈಗ ಆ ಹುಡುಗನ ಎಂಟು ಗಂಟೆಯನ್ನು ಬಿಡಿಸೋಣ. ನಾಲ್ಕೂವರೆಗೆ ಹೊರಟ ಜೀಪು ಉಪ್ಪಿನಂಗಡಿಯಲ್ಲಿ ಅವನನ್ನು ಟ್ಯಾಕ್ಸಿಗೆ ಒಪ್ಪಿಸಿ, ಅದು ಬಜಪೆ ಮುಟ್ಟಿದಾಗ ಏಳು. ವಿಮಾನ ಒಂಬತ್ತಕ್ಕೆ. ಒಂದು ಗಂಟೆ ಮುಂಚೆ ಬ್ಯಾಗು ತೆಗೆದುಕೊಳ್ಳುವ ಕೌಂಟರು ಮುಚ್ಚುತ್ತದೆ, ಇಷ್ಟು ದೂರದಿಂದ ಹೋಗುವವನು ಆ ಅಂಚಿಗೆ ಹೊರಡಲಾರ. ಹತ್ತು ಗಂಟೆ ಐದು ನಿಮಿಷಕ್ಕೆ ದೇವನಹಳ್ಳಿ. ಮಿಡಿ ಉಪ್ಪಿನಕಾಯಿಯ ಸೂಟ್‌ಕೇಸು ಪಟ್ಟಿಯ ಮೇಲೆ ಉರುಳಿ ಬರುವಾಗ ಹತ್ತೂವರೆ ದಾಟಿತ್ತು. ಅಲ್ಲಿಂದ ಜಯನಗರ, ಬಸ್ಸಿನಲ್ಲಿ, ಹೆಬ್ಬಾಳದ ಗದ್ದಲದಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ಟಿನ ಅರವತ್ತೈದು ನಿಮಿಷ ಒಟ್ಟು ಪ್ರಯಾಣದಲ್ಲಿ ಏಳರಲ್ಲಿ ಒಂದು ಪಾಲೂ ಅಲ್ಲ.

ರಾತ್ರಿ ಊಟ ಮಾಡಿ ಒಂಬತ್ತೂವರೆಗೆ ಬಸ್ಸು ಹತ್ತಿದವನು ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಕಣ್ಣುಜ್ಜುತ್ತಾನೆ. ಅದೂ ಎಂಟೇ ಗಂಟೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ರೈಲು ಹಿಡಿಯುವುದೂ ಒಂದು ದಾರಿ. ಸಕಲೇಶಪುರದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, ಐವತ್ತಕ್ಕೆ ಒಂದರ ಏರು, ರೈಲು ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. ಹೊತ್ತು ಉಳಿಯುವುದಿಲ್ಲ, ಕಾಲು ಚಾಚಬಹುದು.

ಈ ಲೆಕ್ಕ ಪುತ್ತೂರಿಗೆ ಒಗ್ಗುವುದಿಲ್ಲ ಎಂದು ಪುತ್ತೂರಿನವರು ಜಗಳಕ್ಕೆ ಬರುವ ಮೊದಲು ಹೇಳಿಬಿಡುತ್ತೇನೆ: ಅಲ್ಲಿಂದ ನಿಲ್ದಾಣಕ್ಕೆ ಐವತ್ತು ಚಿಲ್ಲರೆ ಕಿ.ಮೀ. ಮಾತ್ರ, ಹಾಗಾಗಿ ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ. ಮುಂಬಯಿ, ದಿಲ್ಲಿ, ದುಬೈಗಳ ಮಾತಾದರೆ ಮೂರೂ ತಾಲೂಕಿಗೆ ವಿಮಾನದ ಎದುರು ಬೇರೆ ಲೆಕ್ಕವೇ ಇಲ್ಲ. ದೂರ ಹೆಚ್ಚಿದಷ್ಟೂ ನಮ್ಮ ಜೀಪಿನ ಎರಡೂವರೆ ಗಂಟೆ ಸಣ್ಣದಾಗುತ್ತಾ ಹೋಗುತ್ತದೆ.

“ನಮ್ಮ ರನ್‌ವೇ ಗಿಡ್ಡ”

ಮಂಗಳೂರಿನ ಹಳೆಯದು ಗಿಡ್ಡವಿತ್ತು, 1,615 ಮೀಟರ್. 2006ರಲ್ಲಿ ಬಂದದ್ದು 2,450 ಮೀಟರಿನದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ 158 ಜನರನ್ನು ಬಲಿತೆಗೆದುಕೊಂಡದ್ದು ಈ ಉದ್ದದ ರನ್‌ವೇಯಲ್ಲೇ. ತನಿಖೆಯ ಪ್ರಕಾರ ಅದು ಮೊದಲಿನ ಸುಮಾರು 1,600 ಮೀಟರನ್ನು ಗಾಳಿಯಲ್ಲೇ ಕಳೆದು ಆಮೇಲೆ ನೆಲ ಮುಟ್ಟಿತ್ತು, ಮತ್ತೆ ಮೇಲೇರಿ ಸುತ್ತು ಹಾಕಬೇಕಿದ್ದ ಕಡೆ ಇಳಿಯಲು ಹೊರಟದ್ದೇ ಮೂಲ ತಪ್ಪು. ನಿಜಕ್ಕೂ ಗಿಡ್ಡವಾದದ್ದು ಮೈಸೂರಿನದು, 1,740 ಮೀಟರ್. ಎಟಿಆರ್‌ನಂಥ ಪಂಖದ ವಿಮಾನಗಳೇ ಅಲ್ಲಿಗೆ ಗತಿ. ಕಣ್ಣೂರಿನದು 3,050.

“ಧರ್ಮಸ್ಥಳದಲ್ಲೋ ಕೊಡಗಿನಲ್ಲೋ ಕಿರು ನಿಲ್ದಾಣ ಬಂದರೆ ಎಲ್ಲ ಬದಲಾಗುತ್ತದೆ”

ಆ ಮಾತು ಆಗಾಗ ಏಳುತ್ತದೆ, ಚುನಾವಣೆಯ ಹತ್ತಿರ ಸ್ವಲ್ಪ ಜೋರಾಗಿ. ಬಂತೆಂದೇ ಇಟ್ಟುಕೊಳ್ಳೋಣ. ಧರ್ಮಸ್ಥಳದಿಂದ ಏಳುವ ಇಪ್ಪತ್ತು ಸೀಟಿನ ವಿಮಾನಕ್ಕೂ ದೇವನಹಳ್ಳಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಆ ಕಡೆಯ ಎರಡು ಗಂಟೆಯ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಈ ಕಡೆ ಕಡಬದವರು ಮರ್ದಾಳ, ಪೆರಿಯಶಾಂತಿ ದಾರಿಯಾಗಿ ಕಾಡಿನ ನಡುವೆ ಹೋಗಬೇಕು. ಬೆಳಗಿನ ವಿಮಾನಕ್ಕೆಂದು ಕತ್ತಲಲ್ಲೇ ಹೊರಡುವವರಿಗೆ ಆ ದಾರಿಯಲ್ಲಿ ಇದಿರಾಗುವುದು ಆನೆ. ಅದು ರಸ್ತೆಯ ನಡುವೆ ನಿಂತರೆ ಹೆಡ್‌ಲೈಟು ಆರಿಸಿ, ಎಂಜಿನ್ ಬಂದ್ ಮಾಡಿ ಕಾಯಬೇಕು. ಎಷ್ಟು ಹೊತ್ತು ಎಂದು ಯಾವ ವೇಳಾಪಟ್ಟಿಯಲ್ಲೂ ಬರೆದಿರುವುದಿಲ್ಲ.